ಬಾಗಿಲ ಮೇಲೆ 1325 ಎಂದಿದ್ದರೆ ವಾಡೆಗೆ ಏಳು ನೂರು ವರ್ಷವೇ? ಹಳೇ ಮನೆಯಲ್ಲಿ ಹೋಟೆಲ್ ತೆರೆಯುವವರಿಗೆ

ಪ್ರಶ್ನೆ: ಬೀದರಿನ ಹಳೇ ಊರಿನಲ್ಲಿ, ಮಹಮೂದ್ ಗವಾನ್ ಮದರಸಾಕ್ಕೆ ಹತ್ತಿರದ ಓಣಿಯಲ್ಲಿ ನಮ್ಮ ಮುತ್ಯಾ ಬಾಳಿದ ವಾಡೆ ಇದೆ. ಕೆಂಪು ಕಲ್ಲಿನ ಗೋಡೆ, ಸಾಗವಾನಿ ಕಂಬದ ಪಡಸಾಲೆ, ಕಬ್ಬಿಣದ ಗರ್ಡರುಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನು ಕೂಡಿಸಿದ ಮಾಳಿಗೆ. ನಾನು, ನನ್ನ ತಮ್ಮ ಸೇರಿ ಅಲ್ಲೊಂದು ರೆಸ್ಟೋರೆಂಟ್ ಮಾಡಬೇಕೆಂದಿದ್ದೇವೆ. ಡಿಸೈನರ್ ಒಬ್ಬರು ‘ಬಹಮನಿ ರಾಯಲ್ ದರ್ಬಾರ್’ ಎಂಬ ಹೆಸರು ಕೊಟ್ಟಿದ್ದಾರೆ. ಗುಮ್ಮಟದ ಮೇಲೆ ಕಿರೀಟ ಇರುವ ಲೋಗೋ, ಅದರ ಕೆಳಗೆ ‘ಸಿನ್ಸ್ 1325’. ಬಾಗಿಲ ಮೇಲಿನ ಕಲ್ಲಿನಲ್ಲಿ ಉರ್ದು ಅಂಕಿಯಲ್ಲಿ 1325 ಎಂದೇ ಕೆತ್ತಿದೆ. ಏಳು ನೂರು ವರ್ಷದ ಮನೆ ಎಂದು ಕಾಕಾ ಹೇಳುತ್ತಾರೆ. ಮೆನು ಕಾರ್ಡಿನ ಅಂಚಿಗೆ ಮದರಸಾದ ಹಂಚಿನ ಮೇಲಿರುವ ಬರಹದ ವಿನ್ಯಾಸ, ಬಡಿಸಲು ಬಿದ್ರಿ ಬಟ್ಟಲು, ಗೋಡೆಗೆ ಚಿನ್ನದ ಬಣ್ಣ, ಮುಂದೆ ಹೊಳೆಯುವ ಎಸಿಪಿ (ಅಲ್ಯೂಮಿನಿಯಂ ಹಾಳೆಯ) ಬೋರ್ಡು ಎಂದೆಲ್ಲ ಯೋಜನೆ. ತಮ್ಮನಿಗೆ ಬಹಳ ಹಿಡಿಸಿದೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಓಣಿಯವರು ಈಗಲೂ ಇದನ್ನು ‘ಹುಣಸೆ ಗಿಡದ ವಾಡೆ’ ಎನ್ನುತ್ತಾರೆ, ಗಿಡ ಬಿದ್ದು ಎಷ್ಟೋ ಕಾಲವಾಯಿತು. ಆ ಹೆಸರೇ ಇಡೋಣವೆಂದರೆ ‘ಹಳ್ಳಿ ಹೆಸರಿಗೆ ಯಾರು ಬರ್ತಾರ’ ಎಂದು ಕಾಕಾ ಕೇಳುತ್ತಾರೆ. ಆಸ್ತಿ ಇನ್ನೂ ಪಾಲಾಗಿಲ್ಲ. ಏನು ಮಾಡಲಿ?
— ಓದುಗರು, ಬೀದರ್

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಗಟ್ಟಿ ಕಾರಣವಿದೆ. ಆ ಕಾರಣ ನಿಮ್ಮ ಬಾಗಿಲ ಮೇಲೆಯೇ ಇರುವುದರಿಂದ ಮೊದಲು ಆ ಕಲ್ಲಿನ ವಿಷಯ ಮಾತಾಡೋಣ.

ಕಲ್ಲಿನ ಮೇಲಿರುವ 1325 ಕ್ರಿಸ್ತಶಕದ ಇಸವಿ ಆಗಿರುವ ಸಾಧ್ಯತೆ ಇಲ್ಲವೇ ಇಲ್ಲ ಎನ್ನಬಹುದು. ಬಹಮನಿ ರಾಜ್ಯ ಹುಟ್ಟಿದ್ದೇ 1347ರಲ್ಲಿ, ಅದೂ ಮೊದಲು ಕಲಬುರಗಿ ಅದರ ರಾಜಧಾನಿ. ರಾಜಧಾನಿ ಬೀದರಿಗೆ ಬಂದದ್ದು 15ನೇ ಶತಮಾನದಲ್ಲಿ, ಅಹಮದ್ ಶಾಹನ ಕಾಲಕ್ಕೆ. ಅಂದರೆ ‘ಬಹಮನಿ’ ಎಂಬ ಹೆಸರು, ‘ಸಿನ್ಸ್ 1325’ ಎಂಬ ಸಾಲು ಎರಡೂ ಒಂದೇ ಲೋಗೋದಲ್ಲಿ ಕುಳಿತು ಒಂದನ್ನೊಂದು ಸುಳ್ಳು ಮಾಡುತ್ತಿವೆ. ನಮ್ಮ ಭಾಗದಲ್ಲಿ ಉರ್ದು ಅಂಕಿಯಲ್ಲಿ ಕೆತ್ತಿದ ಇಂಥ ಸಂಖ್ಯೆ ಸಾಮಾನ್ಯವಾಗಿ ಮುಸ್ಲಿಮರ ಹಿಜರಿ ವರ್ಷ, ಇಲ್ಲವೇ ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ವರ್ಷ. ಹಿಜರಿ 1325 ಎಂದರೆ 1907–08. ಫಸಲಿಗೆ ಸುಮಾರು 590 ಕೂಡಿಸಬೇಕು. ಹಾಗಾದರೆ 1915ರ ಆಸುಪಾಸು. ಅಂಕಿಯ ಪಕ್ಕದಲ್ಲಿ ಉರ್ದುವಿನ ‘ಹೇ’ ಅಕ್ಷರದ ಗುರುತಿದ್ದರೆ ಸಾಮಾನ್ಯವಾಗಿ ಹಿಜರಿ, ‘ಫೇ’ ಇದ್ದರೆ ಫಸಲಿ. ಸುಣ್ಣದ ಪದರ ಅದನ್ನು ಮುಚ್ಚಿರಬಹುದು. ಮೆತ್ತನೆಯ ಬ್ರಷ್ಷಿನಿಂದ ತೆಗೆಸಿ, ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು, ಉರ್ದು ಓದಬಲ್ಲ ಹಿರಿಯರಿಗೆ ತೋರಿಸಿ.

ಮಾಳಿಗೆಯೂ ಅದೇ ಮಾತು ಹೇಳುತ್ತದೆ. ಗರ್ಡರುಗಳ ನಡುವೆ ಇಟ್ಟಿಗೆಯ ಕಮಾನು ಕಟ್ಟುವ ಪದ್ಧತಿ ಕಾರ್ಖಾನೆಯ ಕಬ್ಬಿಣ ಸಿಗತೊಡಗಿದ ಮೇಲಿನದು. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ; ಆ ಬಳಿಕವೇ ಈ ಕಡೆಗೆ ಇಂಥ ಭಾರದ ಸರಕು ಸುಲಭವಾಗಿ ಬಂದದ್ದು. ಗೋಡೆ ಹಳೆಯದಿದ್ದು ಮಾಳಿಗೆಯನ್ನು ಆಮೇಲೆ ಹೊಸದಾಗಿ ಹೊದಿಸಿದ ಮನೆಗಳೂ ಇವೆ, ಹಾಗಾಗಿ ಮಾಳಿಗೆಯೊಂದನ್ನೇ ನಂಬಿ ತೀರ್ಪು ಕೊಡುವುದಿಲ್ಲ. ಆದರೆ ಇಲ್ಲಿ ಕಲ್ಲು, ಮಾಳಿಗೆ ಎರಡೂ ಒಂದೇ ಕಾಲದತ್ತ ಬೆರಳು ಮಾಡುತ್ತಿವೆ. ಮನೆಯಲ್ಲಿ ಹಳೆಯ ಉರ್ದು ಖರೀದಿ ಪತ್ರವಿದ್ದರೆ ಅದನ್ನೂ ಓದಿಸಿ. ಹೈದರಾಬಾದ್ ಸಂಸ್ಥಾನದ ಕಚೇರಿ ಭಾಷೆ ಉರ್ದು ಆಗಿದ್ದರಿಂದ ನಮ್ಮ ಎಷ್ಟೋ ಮನೆಗಳ ಚರಿತ್ರೆ ಟ್ರಂಕಿನಲ್ಲಿ ಓದುವವರಿಲ್ಲದೆ ಬಿದ್ದಿದೆ.

ಇದನ್ನು ಕೇಳಿ ಕಾಕಾ ಅವರಿಗೆ ಬೇಸರವಾಗಬಹುದು. ಬೇಸರ ಪಡುವಂಥದ್ದೇನಿಲ್ಲ. ನೂರು ವರ್ಷ ದಾಟಿದ, ನಿಜಾಮರ ಕಾಲದ, ಕಟ್ಟಿದ ವರ್ಷವನ್ನು ತನ್ನ ಹಣೆಯ ಮೇಲೇ ಹೊತ್ತ ವಾಡೆ ನಿಮ್ಮದು. ‘ಬಹಮನಿ ಕಾಲದ್ದು’ ಎಂದು ಬಾಯಿಮಾತಿನಲ್ಲಿ ಹೇಳಿಕೊಳ್ಳುವವರು ಬೀದರಿನಲ್ಲಿ ಬಹಳ ಜನ. ತಾರೀಖಿನ ಕಲ್ಲು ತೋರಿಸಬಲ್ಲವರು ಕಡಿಮೆ. ಬೋರ್ಡಿನ ಅಕ್ಷರ ಬರೆಯುವ ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಬಂಡವಾಳ ಬೇರೊಂದಿಲ್ಲ.

‘ಸಿನ್ಸ್’ ಎಂಬ ಪದದ ಬಗ್ಗೆ ಇನ್ನೊಂದು ಮಾತು. ಹೋಟೆಲ್ ಬೋರ್ಡಿನ ಮೇಲೆ ಅದನ್ನು ಬರೆದರೆ ಗಿರಾಕಿ ತಿಳಿಯುವುದು ‘ಹೋಟೆಲ್ ಅಂದಿನಿಂದ ನಡೆದಿದೆ’ ಎಂದು. ಮನೆಯ ವರ್ಷವನ್ನು ಹೋಟೆಲಿನ ವರ್ಷವಾಗಿ ತೋರಿಸಿದರೆ ಅದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ದಂಡವಿದೆ. ಕಾನೂನು ಪಕ್ಕಕ್ಕಿರಲಿ, ಇತಿಹಾಸ ಗೊತ್ತಿರುವ ಒಬ್ಬ ಮೇಷ್ಟ್ರು ಬಂದು ಕುಳಿತು ಆ ಸಾಲು ಓದಿದರೆ ನಿಮ್ಮ ಜೋಳದ ರೊಟ್ಟಿಯ ಮೇಲೂ ಅವರಿಗೆ ಸಂಶಯ ಬರುತ್ತದೆ. ಕಲ್ಲಿನದು ಹಿಜರಿಯೇ ಎಂದು ಖಚಿತವಾದರೆ ‘ವಾಡೆ ಕಟ್ಟಿದ್ದು ಹಿಜರಿ 1325ರಲ್ಲಿ, ಒಲೆ ಹೊತ್ತಿಸಿದ್ದು ಈ ವರ್ಷ’ ಎಂದು ಎರಡನ್ನೂ ಬೇರೆಬೇರೆ ಬರೆಯಿರಿ. ಓದಲೂ ಚೆನ್ನ.

ಹೆಸರು

‘ಬ್ರ್ಯಾಂಡ್’ ಎಂದೊಡನೆ ಲೋಗೋ ಎಂದುಕೊಳ್ಳುವ ರೂಢಿ ನಮ್ಮಲ್ಲಿದೆ. ನಾನು ಅದನ್ನು ಹೀಗೆ ನೋಡುತ್ತೇನೆ: ಒಮ್ಮೆ ಬಂದು ಹೋದವನು ಮನೆಯಲ್ಲಿ ನಿಮ್ಮ ಬಗ್ಗೆ ಒಂದೇ ವಾಕ್ಯ ಹೇಳಿದರೆ, ಆ ವಾಕ್ಯವೇ ನಿಮ್ಮ ಬ್ರ್ಯಾಂಡ್. ಹೆಸರು, ಅಕ್ಷರ, ಬಣ್ಣ, ಬಡಿಸುವ ರೀತಿ ಎಲ್ಲವೂ ಆ ವಾಕ್ಯ ಅವನ ಬಾಯಲ್ಲಿ ತಪ್ಪಿಲ್ಲದೆ ಬರಲಿ ಎಂದು ಮಾಡುವ ಕೆಲಸ. ‘ಬಹಮನಿ ರಾಯಲ್ ದರ್ಬಾರ್’ಗೆ ಹೋಗಿ ಬಂದವನು ಏನು ಹೇಳಿಯಾನು? ಗುಮ್ಮಟ, ಕಿರೀಟ, ಚಿನ್ನದ ಬಣ್ಣ, ವೆಲ್ವೆಟ್ ಕುರ್ಚಿ ಇರುವ ಜಾಗಗಳು ಹೈದರಾಬಾದಿನಿಂದ ಸೊಲ್ಲಾಪುರದವರೆಗೂ ದಾರಿಯುದ್ದಕ್ಕೆ ಇವೆ.

ಕಾನೂನಿನ ಕಣ್ಣಿನಲ್ಲೂ ಆ ಹೆಸರು ತೆಳು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ ಊರಿನ ಹೆಸರು, ಗುಣ ಹೊಗಳುವ ಪದ, ವ್ಯಾಪಾರದಲ್ಲಿ ಎಲ್ಲರೂ ಬಳಸುವ ಪದ ಇವಷ್ಟನ್ನೇ ಒಬ್ಬರ ಗುರುತಾಗಿ ನೋಂದಾಯಿಸುವುದು ಕಷ್ಟ. ‘ರಾಯಲ್’ ಹೊಗಳಿಕೆ, ‘ದರ್ಬಾರ್’ ಹೋಟೆಲಿನವರ ಸಾಮಾನ್ಯ ಪದ, ‘ಬಹಮನಿ’ ಇಡೀ ಭಾಗದ ಚರಿತ್ರೆ. ನಾಳೆ ಎದುರಿನವರು ‘ಬಹಮನಿ ಶಾಹಿ ದರ್ಬಾರ್’ ಎಂದು ಬೋರ್ಡು ಹಾಕಿದರೆ ತಡೆಯಲು ನಿಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

‘ಹುಣಸೆ ಗಿಡದ ವಾಡೆ’ ಎಂಬುದನ್ನು ನೀವು ಪತ್ರದ ಕೊನೆಗೆ, ಸಂಕೋಚದಿಂದ ಬರೆದಿದ್ದೀರಿ. ಅದೇ ನಿಮ್ಮ ಹೆಸರು. ಆಟೋದವನಿಗೆ ಗೊತ್ತು, ಹಾಲಿನವನಿಗೆ ಗೊತ್ತು. ಗಿಡ ಹೋದರೂ ಹೆಸರು ಉಳಿದಿದೆ ಎಂದರೆ ಅದು ಜನರ ಬಾಯಲ್ಲಿ ಪರೀಕ್ಷೆ ಪಾಸಾದ ಹೆಸರು. ಅಕ್ಷರ ಬರೆಯುವವನಾಗಿ ಇನ್ನೊಂದು ಸಂತೋಷ: ಆ ಮೂರು ಪದಗಳಲ್ಲಿ ಒಂದೂ ಒತ್ತಕ್ಷರವಿಲ್ಲ. ಕನ್ನಡ ಬೋರ್ಡಿನಲ್ಲಿ ದೂರದಿಂದ ಮೊದಲು ಕಾಣದಾಗುವುದೇ ಒತ್ತು ಮತ್ತು ಅರ್ಕಾವೊತ್ತು. ಅವಿಲ್ಲದ ಹೆಸರನ್ನು ಅದೇ ಹಲಗೆಯಲ್ಲಿ ಇನ್ನೂ ದೊಡ್ಡದಾಗಿ ಬರೆಯಬಹುದು.

ಹಳ್ಳಿ ಹೆಸರಿಗೆ ಜನ ಬರುವುದಿಲ್ಲ ಎಂಬ ಕಾಕಾ ಅವರ ಆತಂಕವನ್ನು ಹಗುರವಾಗಿ ತಳ್ಳಿಹಾಕಬೇಡಿ. ಅದು ಅವರ ತಲೆಮಾರಿನ ನೋವು. ಪೇಟೆಯ ಹೆಸರಿದ್ದರೆ ಮಾತ್ರ ಮರ್ಯಾದೆ ಎಂದು ಕಲಿತ ಕಾಲವದು. ಅವರಿಗೆ ನಾನು ಕೊಡುವ ಉತ್ತರ ಅಡುಗೆಯದು. ವಸಂತದಲ್ಲಿ ಹುಣಸೆ ಚಿಗುರು ಬಂದಾಗ ನಮ್ಮ ಕಡೆ ಅದನ್ನು ತೊಗರಿ ಬೇಳೆಗೆ ಹಾಕಿ ಬೇಯಿಸುತ್ತಾರೆ, ಮುಸ್ಲಿಂ ಮನೆಗಳಲ್ಲಿ ಅದೇ ಚಿಗುರಿನಿಂದ ಚಿಗುರ್ ಗೋಷ್ತ್ ಆಗುತ್ತದೆ. ಎಣ್ಣೆಗಾಯಿಗೂ ಬಗಾರಾ ಬೈಂಗನ್‌ಗೂ ಹುಣಸೆಯೇ ಜೀವ. ಒಂದೇ ಗಿಡದ ಹುಳಿ ಬೀದರಿನ ಎರಡೂ ಬಗೆಯ ಅಡುಗೆಮನೆಯಲ್ಲಿದೆ. ಇಂಥ ಹೆಸರು ಹಣ ಕೊಟ್ಟರೂ ಡಿಸೈನರ್ ಹತ್ತಿರ ಸಿಗುವುದಿಲ್ಲ.

ಆದ್ದರಿಂದ ಮೆನುವಿನಲ್ಲಿ ನೂಡಲ್ಸ್, ಪನೀರ್ ಬಟರ್ ಮಸಾಲಾ, ಪಿಜ್ಜಾ ಎಲ್ಲವನ್ನೂ ತುಂಬುವ ಮೊದಲು ನಿಲ್ಲಿ. ‘ಮನೆಯಲ್ಲೇ ರೊಟ್ಟಿ ತಿನ್ನುವ ಬೀದರಿನವರು ದುಡ್ಡು ಕೊಟ್ಟು ರೊಟ್ಟಿ ತಿನ್ನಲು ಏಕೆ ಬರಬೇಕು’ ಎಂದು ನಿಮ್ಮ ತಮ್ಮ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಊರಿನವರು ಬರುವುದು ಮನೆಯಲ್ಲಿ ದಿನಾ ಆಗದ್ದಕ್ಕೆ: ಎಳ್ಳ ಅಮಾವಾಸ್ಯೆಯ ಭಜ್ಜಿ, ಕಡಬು, ಅಂಬಲಿ, ಬಿಸಿ ಹಂಚಿನಿಂದ ನೇರ ತಟ್ಟೆಗೆ ಬೀಳುವ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಒಟ್ಟಿಗೇ ಸಿಗುವ ಊಟ. ಬಿರಿಯಾನಿ ಬೇಕೇ ಬೇಕು, ಬೀದರಿನಲ್ಲಿ ಅದನ್ನು ಬಿಟ್ಟು ಹೋಟೆಲ್ ನಡೆಸುವುದು ಕಷ್ಟ, ಇಡಿ. ಆದರೆ ಮೆನುವಿನ ಮೊದಲ ಪುಟ ವಾಡೆಯದಾಗಿರಲಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಆ ಭಾಗದ ಸರಕಿಗಷ್ಟೇ ಆ ಹೆಸರು ಎನ್ನುವ ಜಿಐ ನೋಂದಣಿ) ಸಿಕ್ಕಿದೆ. ನಿಜವಾಗಿ ಅದನ್ನೇ ತರಿಸುತ್ತಿದ್ದರೆ ಹೆಸರು ಬರೆಯಿರಿ, ತರಿಸದಿದ್ದರೆ ಬರೆಯಬೇಡಿ.

ಮದರಸಾದ ಬರಹ, ಬಿದ್ರಿ ಬಟ್ಟಲು

ಇವೆರಡನ್ನು ಈ ವಾರವೇ ನಿಲ್ಲಿಸಿ.

ಗವಾನ್ ಮದರಸಾ 1472ರದು. ಅದರ ಮುಂಭಾಗದ ಬಣ್ಣದ ಹಂಚುಗಳ ಮೇಲೆ ವಿನ್ಯಾಸದಂತೆ ಕಾಣುವ ಬರಹದ ಪಟ್ಟಿಯಲ್ಲಿ ಕುರಾನಿನ ಸಾಲುಗಳಿವೆ. ಲಿಪಿ ಓದಲಾಗದ ಡಿಸೈನರ್ ಅದನ್ನು ‘ಪ್ಯಾಟರ್ನ್’ ಎಂದು ಟ್ರೇಸ್ ಮಾಡುತ್ತಾರೆ, ಅದು ಮೆನು ಕಾರ್ಡಿನ ಅಂಚಿಗೆ ಬರುತ್ತದೆ, ಅಲ್ಲಿಂದ ಕೈ ಒರೆಸುವ ಕಾಗದಕ್ಕೆ. ಆಮೇಲೆ ಆಗುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಧಾರ್ಮಿಕ ಭಾವನೆಗೆ ನೋವಾಗುವ ಗುರುತನ್ನು ಟ್ರೇಡ್‌ಮಾರ್ಕ್ ಕಚೇರಿಯೂ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಓಣಿಯ ಜನರಿಗೆ ಅದು ಪವಿತ್ರ. ಹಂಚಿನ ನೀಲಿ, ಹಸಿರು ಬಣ್ಣ ಬೇಕಾದರೆ ಬಣ್ಣವನ್ನಷ್ಟೇ ನೆನಪಿಗೆ ತನ್ನಿ.

ಬಿದ್ರಿ ಎಂದರೆ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಲೋಹ. ಅದರಲ್ಲಿ ಕೊರೆದು ಬೆಳ್ಳಿ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣಿನಲ್ಲಿ ನವಸಾಗರ ಕಲಸಿ ಬಿಸಿ ಮಾಡಿ ಉಜ್ಜಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಸತುವಿಗೆ ಹುಳಿ ತಾಗಿದರೆ ಅದು ಕರಗಿ ಊಟಕ್ಕೆ ಸೇರುತ್ತದೆ. ಹುಣಸೆಯ ಹೆಸರಿನ ಹೋಟೆಲಿನಲ್ಲಿ ಹುಳಿ ಪದಾರ್ಥವನ್ನು ಬಿದ್ರಿಯಲ್ಲಿ ಬಡಿಸಬಾರದು. ಬಡಿಸಲು ಸ್ಟೀಲು, ಕಲಾಯಿ ಹಾಕಿದ ಹಿತ್ತಾಳೆ, ಪಿಂಗಾಣಿ ಏನಾದರೂ ಆಗುತ್ತದೆ.

ಹಾಗೆಂದು ಬಿದ್ರಿಯನ್ನು ದೂರ ಇಡಿ ಎನ್ನುತ್ತಿಲ್ಲ. ಊರಿನ ಒಬ್ಬ ಕಸಬುದಾರರ ಕೈಯಲ್ಲಿ ಒಂದೇ ಒಂದು ವಸ್ತು ಮಾಡಿಸಿ. ಬಾಗಿಲ ಪಕ್ಕದ ಹೆಸರಿನ ಪಟ್ಟಿ ಆಗಬಹುದು, ಬಿಲ್ ಇಡುವ ತಟ್ಟೆ ಆಗಬಹುದು. ಕೇಳಿದ ಕೂಲಿ ಕೊಡಿ, ಅವರು ಒಪ್ಪಿದರೆ ಅವರ ಹೆಸರನ್ನು ಮೆನುವಿನಲ್ಲಿ ಬರೆಯಿರಿ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಬಿದ್ರಿ ಕಸಬುದಾರ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಆದರೂ ಆ ಬಳ್ಳಿ, ನಕ್ಷತ್ರಗಳನ್ನು ಕಂಪ್ಯೂಟರಿನಲ್ಲಿ ಎಳೆದು ಕಪ್ಪು–ಬಿಳಿ ಪ್ಲಾಸ್ಟಿಕ್ ಮ್ಯಾಟಿನ ಮೇಲೆ ಛಾಪಿಸುವ ಹೋಟೆಲಿನಿಂದ ಕಸಬುದಾರರ ಮನೆಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ನನಗೆ ಇದು ನೋವಿನ ವಿಷಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೋಡೆ ಮತ್ತು ಬೋರ್ಡು

ನಿಮ್ಮದು ಕೆಂಪು ಜಂಬಿಟ್ಟಿಗೆ ಕಲ್ಲು. ತೂತುತೂತಾದ ಕಲ್ಲು ಅದು. ನೆಲದ ಪಸೆ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಚ್ಚು ಆ ಪಸೆಯನ್ನು ಹೊರಗೆ ಹೋಗಲು ಬಿಡುತ್ತದೆ. ಚಿನ್ನದ ಬಣ್ಣದ ಎಮಲ್ಷನ್ ಅಥವಾ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಪಸೆ ಒಳಗೇ ಸಿಕ್ಕಿಬೀಳುತ್ತದೆ, ಉಪ್ಪು ಹೂವಿನಂತೆ ಮೇಲೇಳುತ್ತದೆ, ಒಂದೆರಡು ಮಳೆಗಾಲದಲ್ಲಿ ಬಣ್ಣ ಸಿಪ್ಪೆಯಾಗಿ ಬೀಳುತ್ತದೆ, ಬೀಳುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಮರಳು ಊದಿ ಸ್ವಚ್ಛ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡ ಎನ್ನಿ. ಬಾಗಿಲ ಕಲ್ಲಿನ ಅಂಕಿಯೇ ಅಳಿಸೀತು.

ಹೋಟೆಲಿನ ಬಣ್ಣ ಯಾವುದು ಎಂಬ ಪ್ರಶ್ನೆಗೂ ಗೋಡೆಯಲ್ಲೇ ಉತ್ತರವಿದೆ. ಯಾರಿಗೂ ಕಾಣದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗವನ್ನು ನಿಧಾನವಾಗಿ ಪದರಪದರವಾಗಿ ಕೆರೆದು ನೋಡಿ. ಹಳೆ ಮನೆಗಳಲ್ಲಿ ಬಿಳಿ ಸುಣ್ಣದ ಕೆಳಗೆ ನೀಲಿ ಕಲಸಿದ ಸುಣ್ಣ, ಅದರ ಕೆಳಗೆ ಕೆಮ್ಮಣ್ಣು ಸಿಗುವುದುಂಟು. ಸಿಕ್ಕಿದ್ದನ್ನು ಮೆನುವಿನ, ಏಪ್ರನ್ನಿನ, ಚೀಲದ ಬಣ್ಣ ಮಾಡಿ. ‘ಈ ಬಣ್ಣ ಏಕೆ’ ಎಂದು ಗಿರಾಕಿ ಕೇಳಿದರೆ ಆ ಮೂಲೆಗೆ ಕರೆದೊಯ್ದು ತೋರಿಸಬಹುದು.

ಎಸಿಪಿ ಬೋರ್ಡಿಗೆ ಕಬ್ಬಿಣದ ಚೌಕಟ್ಟು ಬೇಕು, ಚೌಕಟ್ಟಿಗೆ ಕಲ್ಲಿನಲ್ಲಿ ಸಾಲು ತೂತು ಬೇಕು. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬಿ ಕಲ್ಲನ್ನು ಸೀಳುತ್ತದೆ. ತೂತು ಹಾಕಲೇಬೇಕೆಂದರೆ ಕಲ್ಲನ್ನು ಬಿಟ್ಟು ಸಂದಿಯ ಗಚ್ಚಿನಲ್ಲಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟಿನಿಂದ. ಇನ್ನೂ ಒಳ್ಳೆಯದು, ನೆಲದಿಂದ ನಿಲ್ಲುವ ಕಂಬ. ಇಕ್ಕಟ್ಟಿನ ಓಣಿಯಲ್ಲಿ ಜನ ಗೋಡೆಯ ಪಕ್ಕದಲ್ಲೇ ನಡೆಯುವುದರಿಂದ ಗೋಡೆಗೆ ಅಂಟಿದ ಅಗಲ ಬೋರ್ಡು ಅವರಿಗೆ ಕಾಣುವುದೇ ಇಲ್ಲ. ಗೋಡೆಗೆ ಅಡ್ಡವಾಗಿ ಚಾಚಿದ ಸಣ್ಣ ಹಲಗೆ ಓಣಿಯ ತುದಿಯಿಂದಲೇ ಕಾಣುತ್ತದೆ. ಬೋರ್ಡಿನವರ ಅಂದಾಜಿನಲ್ಲಿ 10 ಅಡಿ ದೂರಕ್ಕೆ ಅಕ್ಷರ 1 ಇಂಚು ಎತ್ತರ ಬೇಕು. ಅದು ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಲೆಕ್ಕ, ಕನ್ನಡಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹಿಡಿಯಿರಿ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ನಂತರ ನಾಮಫಲಕದ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇದನ್ನು ಹೊರೆ ಎಂದುಕೊಳ್ಳದೆ ಕನ್ನಡ ಅಕ್ಷರವನ್ನೇ ಲೋಗೋ ಮಾಡಿ. ಪ್ರತ್ಯೇಕ ಚಿತ್ರವೇ ಬೇಡ. ಕೈಯಿಂದ ಬೋರ್ಡು ಬರೆಯುವ ಪೇಂಟರ್ ಸಿಕ್ಕರೆ ಅವರಿಂದ ಹತ್ತಾರು ಬಗೆಯಲ್ಲಿ ಬರೆಸಿ, ಒಂದನ್ನು ಆರಿಸಿ. ಕೆಳಗೆ ಉರ್ದು ಇರಲಿ, ಹಳೇ ಊರಿನಲ್ಲಿ ಅದನ್ನು ಓದುವವರಿದ್ದಾರೆ. ಉರ್ದುವಿನ ನಸ್ತಾಲೀಖ್ ಶೈಲಿಯ ಬರಹ ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುವುದರಿಂದ ಕೆಳಗೆ ಜಾಗ ಹೆಚ್ಚು ಬೇಕು. ಇಕ್ಕಟ್ಟಾಗಿ ಬರೆದರೆ ಅಂದ ಕೆಡುತ್ತದೆ. ಮೆನುವಿಗೆ ಟೀರೋ ಕನ್ನಡ, ನೋಟೋ ನಸ್ತಾಲೀಖ್ ಉರ್ದು ಮುಂತಾದ ಉಚಿತ ಯೂನಿಕೋಡ್ ಫಾಂಟುಗಳಿವೆ. ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮೆನು ಮಾಡಿಸಿದರೆ ಅದೇ ಪಠ್ಯವನ್ನು ಮೊಬೈಲಿಗೆ ಹಾಕುವಾಗ ಎಲ್ಲ ಮತ್ತೆ ಟೈಪ್ ಮಾಡಬೇಕಾಗುತ್ತದೆ.

ಅನುಮತಿಯ ವಿಷಯ. ಮದರಸಾ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಳತೆ ಸ್ಮಾರಕದ ಗೋಡೆಯಿಂದಲ್ಲ, ಗಡಿಯಿಂದ. ನಿಷೇಧಿತ ವಲಯದೊಳಗಿದ್ದರೂ 1992ರ ಜೂನ್ 16ಕ್ಕೆ ಮೊದಲಿನ ಕಟ್ಟಡದ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಹೊಸ ಶೆಡ್ಡು, ಹೊಸ ಮಹಡಿ ಬೇರೆ ಮಾತು. ಚೌಕಟ್ಟು, ಬೋರ್ಡಿನ ಕಂಬ, ಅಡುಗೆಮನೆಯ ಹೊಗೆ ಕೊಳವೆ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸಿ ಲಿಖಿತವಾಗಿ ಕೇಳಿ. ಅಡುಗೆಮನೆ ಮಾತ್ರ ಸಾಗವಾನಿ ಕಂಬದ ಪಡಸಾಲೆಯಿಂದ ದೂರವಿರಲಿ. ಎಣ್ಣೆಯ ಹೊಗೆ ಮರಕ್ಕೂ ಸುಣ್ಣಕ್ಕೂ ಶತ್ರು, ಬೆಂಕಿಯ ಭಯ ಬೇರೆ.

ಹಾಗಾದರೆ ಯಾವ ದಾರಿ?

ತಮ್ಮನ ದಾರಿಯಲ್ಲಿ ಲಾಭವಿಲ್ಲದಿಲ್ಲ. ಬೇಗ ಆಗುತ್ತದೆ, ಫೋಟೋಕ್ಕೆ ಚೆನ್ನಾಗಿ ಬರುತ್ತದೆ, ಮೊದಲ ಕೆಲವು ತಿಂಗಳು ಗದ್ದಲ ಇರುತ್ತದೆ. ಆಮೇಲೆ ಅದಕ್ಕಿಂತ ಹೊಳೆಯುವ ಇನ್ನೊಂದು ದರ್ಬಾರ್ ಬಂದಾಗ ನಿಮ್ಮಲ್ಲಿ ಉಳಿಯುವುದು ಸಿಪ್ಪೆ ಎದ್ದ ಗೋಡೆ. ಏನೂ ಮಾಡದೆ ಬರೀ ಹಳೇ ಬಾಗಿಲು ತೆರೆದು ಕೂರುವುದು ಇನ್ನೊಂದು ದಾರಿ. ಊರಿನವರಿಗೆ ಅದು ಸಾಕು, ಕೋಟೆ ನೋಡಲು, ಗುರುದ್ವಾರಕ್ಕೆ ಬರುವ ಹೊರಗಿನವರಿಗೆ ನೀವು ಕಾಣುವುದೇ ಇಲ್ಲ. ನಾನು ಹೇಳುವುದು ವಾಡೆಯದೇ ಹೆಸರು, ವಾಡೆಯದೇ ಬಣ್ಣ, ಓಣಿಗೆ ಅಡ್ಡವಾಗಿ ಒಂದು ಹಲಗೆ, ಮ್ಯಾಪಿನಲ್ಲಿ ಅದೇ ಹೆಸರು ಕನ್ನಡ, ಉರ್ದು, ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದಲ್ಲಿ. ಇದರಲ್ಲೂ ತೊಂದರೆಗಳಿವೆ: ಕಾಗದ ಓದಿಸಲು, ಸುಣ್ಣದ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಈ ಹೆಸರು ಈ ಮನೆಗೆ ಕಟ್ಟಿಹಾಕಿದ್ದು, ನಾಳೆ ಕಲಬುರಗಿಯ ಮಾಲ್‌ನಲ್ಲಿ ಶಾಖೆ ತೆರೆದರೆ ಅಲ್ಲಿ ವಾಡೆಯೂ ಇಲ್ಲ, ಗಿಡವೂ ಇಲ್ಲ. ಬೆಳೆಯುವ ಆಸೆಯಿದ್ದರೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಡಬ್ಬಿಗಳಿಗೆ ಈಗಲೇ ಬೇರೆ ಹೆಸರು ಯೋಚಿಸಿ.

ಡಿಸೈನರ್ ಜೊತೆ ಜಗಳ ಬೇಡ. ಅವರಿಗೆ ಸಿಕ್ಕ ಮಾಹಿತಿಯಿಂದ ಅವರು ಕೆಲಸ ಮಾಡಿದ್ದಾರೆ. ಓದಿಸಿದ ಕಲ್ಲು, ಗೋಡೆಯ ಬಣ್ಣ, ಮೆನುವಿನ ಮೊದಲ ಪುಟ ಕೊಟ್ಟು ಮತ್ತೆ ಮಾಡಿಸಿ, ಆ ಕೆಲಸಕ್ಕೆ ಬೇರೆ ದುಡ್ಡು ಕೊಡಿ. ಲೋಗೋದ ಕೃತಿಸ್ವಾಮ್ಯ ನಿಮಗೆ ವರ್ಗವಾಗಿದೆ ಎಂದು ಬರಹದಲ್ಲಿ ಪಡೆಯಿರಿ. ಹಣ ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಮನೆಯೊಳಗಿನ ಮಾತು ಮುಗಿಸಿ. ಪಾಲಾಗದ ಆಸ್ತಿ ಎಂದಿದ್ದೀರಿ. ವಾಡೆಯ ಹೆಸರನ್ನು ನೀವೊಬ್ಬರೇ ನಿಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿದರೆ ಹೋಟೆಲ್ ಚೆನ್ನಾಗಿ ನಡೆದ ದಿನವೇ ವ್ಯಾಜ್ಯ ಶುರುವಾಗುತ್ತದೆ. ಕಾಕಾ, ತಮ್ಮ, ಹಕ್ಕಿರುವ ಅಕ್ಕತಂಗಿಯರು ಎಲ್ಲರನ್ನೂ ಕೂರಿಸಿ ಹೆಸರು ಯಾರದು, ಬಾಡಿಗೆ ಎಷ್ಟು, ಹೋಟೆಲ್ ಮುಚ್ಚಿದರೆ ಹೆಸರು ಯಾರ ಬಳಿ ಉಳಿಯುತ್ತದೆ ಎಂದು ವಕೀಲರ ಮುಂದೆ ಬರೆಸಿ, ಪಾಲುದಾರಿಕೆ ಸಂಸ್ಥೆ ಮಾಡಿಕೊಂಡು, ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹೆಸರು ಖಾಲಿ ಇದೆಯೇ ಹುಡುಕಿ, ಸಂಸ್ಥೆಯ ಹೆಸರಿನಲ್ಲೇ 43ನೇ ವರ್ಗಕ್ಕೆ (ಹೋಟೆಲ್, ಊಟದ ಸೇವೆಯ ವರ್ಗ) ಅರ್ಜಿ ಹಾಕಿ. ಆನ್‌ಲೈನ್ ಶುಲ್ಕ ಸಣ್ಣ ಉದ್ಯಮವೆಂದು ನೋಂದಾಯಿಸಿಕೊಂಡಿದ್ದರೆ 4,500 ರೂಪಾಯಿ, ಇಲ್ಲದಿದ್ದರೆ 9,000. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಕಾಕಾ ಅವರ ಸಹಿ ಬೀಳುವವರೆಗೆ ಬೋರ್ಡಿಗೆ ಮುಂಗಡ ಕೊಡಬೇಡಿ.